ಚೊಗರು ಹತ್ತಿದ ಕೈ

ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ಮನೆಮಂದಿಯ ಕೈಯ ಬಣ್ಣವೇ ಬದಲಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರ ಹೆಬ್ಬೆರಳು, ತೋರುಬೆರಳುಗಳು ಎರಡೇ ದಿನದಲ್ಲಿ ಕಂದಾಗಿ, ವಾರ ತುಂಬುವಷ್ಟರಲ್ಲಿ ಕಪ್ಪಾಗಿ, ಬೆರಳಿನ ಒಂದೊಂದು ಗೆರೆಯೂ ಉಗುರಿನ ಒಂದೊಂದು ಸಂದಿಯೂ ಮಸಿಯಲ್ಲಿ ಬರೆದಂತೆ ಎದ್ದು ಕಾಣುತ್ತವೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನನಗೆ ಈ ಕಪ್ಪು ಬೆರಳುಗಳೆಂದರೆ ನಾಚಿಕೆಯಾಗುತ್ತಿತ್ತು. ಬಚ್ಚಲಲ್ಲಿ ಕೂತು ಬೂದಿ, ಹುಣಿಸೆಹುಳಿ, ಲಿಂಬೆಸಿಪ್ಪೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ತಿಕ್ಕುತ್ತಿದ್ದೆ. ಬೆರಳು ಉರಿಯುತ್ತಿತ್ತೇ ಹೊರತು ಚೊಗರು, ಅಂದರೆ ಹಸಿ ಅಡಿಕೆಯ ಒಗರು ರಸದ ಕರೆ, ಜಗ್ಗುತ್ತಿರಲಿಲ್ಲ. “ತಿಕ್ಕಡ, ಅದು ತಾನಾಗೇ ಹೋಗ್ತು” ಎಂದು ಆಯಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. ಅವಳು ಹೇಳಿದಂತೆಯೇ, ಸುಲಿಯುವ ಕೆಲಸ ಮುಗಿದು ತಿಂಗಳೊಪ್ಪತ್ತು ಕಳೆಯುವುದರೊಳಗೆ ಅವಳ ಕೈಯೂ ನನ್ನ ಕೈಯೂ ಮೊದಲಿನ ಬಣ್ಣಕ್ಕೆ ಬಂದಿರುತ್ತಿದ್ದವು.

ಆ ಕಪ್ಪು ಎಲ್ಲಿಗೆ ಹೋಯಿತು? ಈಗ ಕಾರವಾರದಲ್ಲಿ ಪದವಿಪೂರ್ವ ತರಗತಿಯ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನು, ಚರ್ಮದ ವಿಷಯ ಬಂದಾಗಲೆಲ್ಲ ಮಾತನ್ನು ಈ ಪ್ರಶ್ನೆಯಿಂದಲೇ ತೆಗೆಯುತ್ತೇನೆ. ತೊಳೆದು ಹೋಯಿತು ಎಂದು ಮಕ್ಕಳು ಹೇಳುತ್ತಾರೆ. ತೊಳೆದರೆ ಹೋಗುವ ಬಣ್ಣ ಅದಲ್ಲ. ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ಇದೆ. ಪ್ರೋಟೀನ್ ಕಂಡಲ್ಲಿ ಕಚ್ಚಿಕೊಂಡು ಕೂರುವುದು ಅದರ ಗುಣ. ಹಸಿ ತೊಗಲನ್ನು ಕೊಳೆಯದಂತೆ ಹದಮಾಡಲು ಮರದ ತೊಗಟೆಯ ಕಷಾಯವನ್ನು ಬಳಸುತ್ತ ಬಂದಿರುವುದೂ ಈ ಗುಣಕ್ಕಾಗಿಯೇ. ನಮ್ಮ ಬೆರಳಿನ ಮೇಲ್ಪದರ ಪೂರ್ತಿ ಕೆರಾಟಿನ್ ಎಂಬ ಗಡಸು ಪ್ರೋಟೀನಿನಿಂದ ತುಂಬಿದೆ. ಉಗುರು, ಕೂದಲು, ದನದ ಕೊಂಬು ಎಲ್ಲವೂ ಅದೇ ವಸ್ತುವಿನ ಬೇರೆಬೇರೆ ರೂಪಗಳು. ಚೊಗರು ಆ ಕೆರಾಟಿನ್ನಿಗೆ ಅಂಟಿದ ಮೇಲೆ ಸಾಬೂನು ಅದನ್ನು ಬಿಡಿಸಲಾರದು. ಆದರೆ ಚೊಗರು ಹಿಡಿದುಕೊಂಡಿರುವ ಆ ಪದರವೇ ನಮ್ಮಲ್ಲಿ ಉಳಿಯುವಂಥದ್ದಲ್ಲ. ಅದು ತಾನು ಉದುರುವಾಗ ತನ್ನೊಡನೆ ಕಪ್ಪನ್ನೂ ಒಯ್ಯುತ್ತದೆ.

ಹೊರಚರ್ಮದ, ಅಂದರೆ ಎಪಿಡರ್ಮಿಸ್‌ನ, ಅತ್ಯಂತ ತಳದಲ್ಲಿ ಜೀವಕೋಶಗಳ ಒಂದು ಸಾಲು ಇದೆ. ಜೀವಮಾನವಿಡೀ ಒಡೆದು ಎರಡಾಗುತ್ತಿರುವುದೇ ಅದರ ಕೆಲಸ. ಹಾಗೆ ಹುಟ್ಟಿದ ಕೋಶಗಳನ್ನು ಕೆಳಗಿನಿಂದ ಬರುವ ಹೊಸ ಕೋಶಗಳು ಮೇಲಕ್ಕೆ ತಳ್ಳುತ್ತ ಹೋಗುತ್ತವೆ. ಮೇಲೇರುತ್ತ ಏರುತ್ತ ಪ್ರತಿ ಕೋಶವೂ ತನ್ನೊಳಗೆ ಕೆರಾಟಿನ್ ತುಂಬಿಕೊಳ್ಳುತ್ತದೆ, ಕೊಬ್ಬಿನಂಶವನ್ನು ಸುತ್ತಲೂ ಸುರಿಯುತ್ತದೆ, ಕೊನೆಗೆ ತನ್ನ ಕೋಶಕೇಂದ್ರವನ್ನೂ ಕಳೆದುಕೊಂಡು ಚಪ್ಪಟೆಯಾಗಿ ಸಾಯುತ್ತದೆ. ತಳದಿಂದ ಹೊರಟು ಮೈಯಿಂದ ಕಳಚಿ ಬೀಳುವವರೆಗಿನ ಈ ಪಯಣಕ್ಕೆ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಆಯಿಯ ತಿಂಗಳ ಲೆಕ್ಕ ಎಲ್ಲಿಂದ ಬಂತೆಂಬುದು ನನಗೆ ತಿಳಿದದ್ದು ಇದನ್ನು ಓದಿದಾಗ. ಅಂಗೈಗೆ ಹಚ್ಚಿದ ಮದರಂಗಿ ಮುಂಗೈ ಮೇಲಿನದಕ್ಕಿಂತ ಕೆಂಪಾಗಿ ಕಾಣುವುದಕ್ಕೂ ಇದೇ ಪದರ ಕಾರಣ. ರೆಪ್ಪೆಯ ಮೇಲೆ ಹೊರಚರ್ಮದ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟಿದ್ದರೆ, ಅಂಗೈ ಅಂಗಾಲುಗಳಲ್ಲಿ ಅದು ಒಂದು ಮಿಲಿಮೀಟರನ್ನೂ ಮೀರಬಹುದು. ಬಣ್ಣ ಹಿಡಿಯಲು ಅಲ್ಲಿ ಜಾಗ ಹೆಚ್ಚು.

ಸತ್ತ ಕೋಶ ಎಂದೊಡನೆ ಅದು ಕಸ ಎಂದು ತಿಳಿಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಆ ಸಾವು ಮೈಯೇ ಹೊಂಚಿ ಮಾಡಿಕೊಂಡ ಏರ್ಪಾಡು. ಬದುಕಿರುವ ಕೋಶವನ್ನು ಗಾಳಿಗೆ ಒಡ್ಡಿದರೆ ಅದು ಕ್ಷಣದಲ್ಲಿ ಒಣಗಿ ಹೋಗುತ್ತದೆ. ಸಮುದ್ರದ ಉಪ್ಪಿಗೂ ಮೇ ತಿಂಗಳ ಬಿಸಿಲಿಗೂ ಎದೆಕೊಟ್ಟು ನಿಲ್ಲಬಲ್ಲದ್ದು ಸತ್ತ ಮೇಲಿನ ಅದರ ಗಟ್ಟಿ ಚಿಪ್ಪು ಮಾತ್ರ. ಕಾರವಾರದ ಕಡಲ ದಂಡೆಯಲ್ಲಿ ರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದ ಹಿರಿಯರೊಬ್ಬರ ಅಂಗೈಯನ್ನು ನಾನೊಮ್ಮೆ ಹಿಡಿದು ನೋಡಿದ್ದೇನೆ. ಬೆರಳುಗಳ ಬುಡದಲ್ಲಿ ಸಾಲಾಗಿ ದಡ್ಡುಗಟ್ಟಿ, ಉಗುರಿನಿಂದ ಒತ್ತಿದರೂ ಗುರುತು ಬೀಳದಷ್ಟು ಗಡಸಾಗಿತ್ತು. ಹಗ್ಗ ಎಲ್ಲಿ ಉಜ್ಜುತ್ತದೋ ಅಲ್ಲಿ ತಳದ ಸಾಲಿನ ಕೋಶಗಳು ಹೆಚ್ಚು ಬೇಗ ಒಡೆದು ಮೇಲ್ಪದರವನ್ನು ದಪ್ಪ ಮಾಡುತ್ತವೆ. ಆ ಕೈಯ ಮೇಲೆ ಅವರ ನಲವತ್ತು ವರ್ಷದ ದುಡಿಮೆ ಎಲ್ಲೆಲ್ಲಿ ಒತ್ತಿತ್ತೋ ಅಲ್ಲೆಲ್ಲ ಚರ್ಮ ತಾನೇ ಹೋಗಿ ನಿಂತಿತ್ತು.

ನಮ್ಮ ಅಂಗಳಕ್ಕೆ ಅಡಿಕೆ ಸುಲಿಯಲು ಬರುತ್ತಿದ್ದ ಅಜ್ಜಿಯೊಬ್ಬರ ಮುಂಗೈ ಮೇಲೆ ಹಸಿರು ಹಚ್ಚೆ ಇತ್ತು. ಮದುವೆಗೆ ಮುಂಚೆ ಹಾಕಿಸಿಕೊಂಡದ್ದಂತೆ. ಪ್ರತಿ ವರ್ಷ ಅವರ ಬೆರಳಿನ ಚೊಗರು ಬರುತ್ತಿತ್ತು, ಹೋಗುತ್ತಿತ್ತು. ಒಂದೇ ಕೈಯ ಮೇಲೆ ಒಂದು ಗೇಣಿನ ಅಂತರದಲ್ಲಿದ್ದ ಹಚ್ಚೆ ಮಾತ್ರ ಹಾಗೆಯೇ ಇತ್ತು. ಅವರು ತೀರಿಕೊಂಡಾಗಲೂ ಅದು ಅವರೊಡನೆ ಇತ್ತು. ಹಚ್ಚೆಯ ಸೂಜಿ ಹೊರಚರ್ಮವನ್ನು ದಾಟಿ ಕೆಳಗಿನ ಒಳಚರ್ಮಕ್ಕೆ, ಡರ್ಮಿಸ್‌ಗೆ, ಬಣ್ಣವನ್ನು ಇಳಿಸುತ್ತದೆ. ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಪರಕೀಯ ವಸ್ತು ಬಂತೆಂದು ಆ ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಲಾರವು. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಪಕ್ಕದ ಇನ್ನೊಂದು ನುಂಗಿಕೊಳ್ಳುತ್ತದೆ. ಹೊರಚರ್ಮದಂತೆ ಮೇಲೆ ಸಾಗಿ ಉದುರುವ ರೂಢಿ ಒಳಚರ್ಮಕ್ಕಿಲ್ಲ. ಚರ್ಮದಲ್ಲಿ ಎರಡು ಬೇರೆಬೇರೆ ಲೋಕಗಳಿವೆ ಎನ್ನುವುದನ್ನು ಯಾವ ಚಿತ್ರಪಟಕ್ಕಿಂತಲೂ ಚೆನ್ನಾಗಿ ನನಗೆ ತೋರಿಸಿಕೊಟ್ಟದ್ದು ಆ ಒಂದು ಕೈ.

ಒಳಚರ್ಮವೇ ಚರ್ಮದ ನಿಜವಾದ ಮೈಕಟ್ಟು. ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಚಾಪೆ ಅದು. ನಡುನಡುವೆ ಎಳೆದು ಬಿಟ್ಟರೆ ಮರಳಿ ಬರುವ ಇಲ್ಯಾಸ್ಟಿನ್ ಎಳೆಗಳು. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲ ಬುಡ ಎಲ್ಲವೂ ಈ ಚಾಪೆಯೊಳಗೇ ಹೂತಿವೆ. ಹೊರಚರ್ಮಕ್ಕೆ ಸ್ವಂತ ರಕ್ತನಾಳವಿಲ್ಲ. ಕೆಳಗಿನಿಂದ ಜಿನುಗುವ ಪೋಷಣೆಯಲ್ಲೇ ಅದು ಬದುಕಬೇಕು. ಮೆಟ್ಟುಗತ್ತಿಯ ಅಲಗು ಮೇಲೆಮೇಲೆ ಸವರಿದಾಗ ಗೀರು ಬಿದ್ದರೂ ರಕ್ತ ಬಾರದಿರುವುದು ಇದರಿಂದಲೇ. ಚಪ್ಪಲಿ, ಚೀಲಗಳ ತೊಗಲೂ ಒಳಚರ್ಮವೇ. ಹದಮಾಡುವಾಗ ಸುಣ್ಣದಲ್ಲಿ ನೆನೆಹಾಕಿ ಕೂದಲನ್ನೂ ಹೊರಚರ್ಮವನ್ನೂ ತೆಗೆದುಹಾಕುತ್ತಾರೆ. ನಮ್ಮ ಯಕ್ಷಗಾನದ ಮದ್ದಳೆಯ ಮೇಲೆ ಬಿಗಿದಿರುವುದೂ ಅದೇ ಕೊಲ್ಯಾಜನ್ನಿನ ಚಾಪೆ. ಮಳೆಗಾಲದಲ್ಲಿ ತೇವ ಕುಡಿದು ಅದು ಸಡಿಲಾಗಿ ಶ್ರುತಿ ಇಳಿಯುವುದು ಮದ್ದಳೆಗಾರರಿಗೆಲ್ಲ ಗೊತ್ತಿರುವ ಕಷ್ಟ.

ಸುಶ್ರುತ ಸಂಹಿತೆ ಚರ್ಮಕ್ಕೆ ಏಳು ಪದರಗಳನ್ನು ಎಣಿಸುತ್ತದೆ. ಮೊದಲನೆಯದು ಅವಭಾಸಿನಿ, ಎಲ್ಲ ಬಣ್ಣಗಳನ್ನೂ ತೋರುವಂಥದ್ದು. ಒಂದೊಂದು ಪದರದ ದಪ್ಪವನ್ನೂ ಭತ್ತದ ಕಾಳಿನ ಭಾಗಗಳಲ್ಲಿ ಅಳೆದು ಹೇಳಿದೆ. ಕಾಯುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಮೈಯ ಮೇಲೆ ಚರ್ಮ ಕಟ್ಟುತ್ತದೆ ಎಂಬ ಹೋಲಿಕೆಯೂ ಅಲ್ಲಿದೆ. ಇಂದಿನ ಸೂಕ್ಷ್ಮದರ್ಶಕದ ಎಣಿಕೆಯೊಡನೆ ಆ ಏಳನ್ನು ಹೊಂದಿಸಲು ನಾನು ಹೋಗುವುದಿಲ್ಲ. ಆದರೆ ಭೂತಗನ್ನಡಿಯೂ ಇಲ್ಲದ ಕಾಲದಲ್ಲಿ ಒಬ್ಬರು ಚರ್ಮವನ್ನು ಪದರಪದರವಾಗಿ ಕಂಡು, ಅಳತೆಗೆ ಭತ್ತದ ಕಾಳನ್ನು ಕೈಗೆತ್ತಿಕೊಂಡರು ಎನ್ನುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ಕೆನೆ ಕೆಳಗಿನ ಹಾಲಿನಿಂದಲೇ ಮೂಡುತ್ತದೆ ಎಂಬ ಮಟ್ಟಿಗೆ ಆ ಹೋಲಿಕೆ ಹೊರಚರ್ಮಕ್ಕೆ ಸರಿಯಾಗಿಯೇ ಹೊಂದುತ್ತದೆ.

ರಜೆ ಮುಗಿಸಿ ಶಿರಸಿಯಿಂದ ಕುಮಟಾ ಮಾರ್ಗವಾಗಿ ಕಾರವಾರಕ್ಕೆ ಹಿಂತಿರುಗುವಾಗ, ದೇವಿಮನೆ ಘಟ್ಟ ಇಳಿಯುತ್ತಿದ್ದಂತೆ ಊರು ಬದಲಾದದ್ದು ಕಣ್ಣಿಗಿಂತ ಮುಂಚೆ ಚರ್ಮಕ್ಕೆ ಗೊತ್ತಾಗುತ್ತದೆ. ಘಟ್ಟದ ಮೇಲಿನ ಡಿಸೆಂಬರಿನ ಚಳಿಯಲ್ಲಿ ತುಟಿ ಒಡೆದು, ಹಿಮ್ಮಡಿ ಬಿರಿದು, ಮೊಣಕಾಲಿನ ಮೇಲೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುತ್ತಿತ್ತು. ಘಟ್ಟ ಇಳಿದು ಎರಡು ತಾಸಿನೊಳಗೆ ಅಂಗಿ ಬೆನ್ನಿಗೆ ಅಂಟಿರುತ್ತದೆ. ಚರ್ಮ ಅದೇ, ಆದರೆ ಮೇಲೆ ಅದು ಇರುವ ನೀರನ್ನು ಉಳಿಸಿಕೊಳ್ಳಲು ಹೆಣಗುತ್ತದೆ, ಕೆಳಗೆ ನೀರನ್ನು ಹೊರಹಾಕಿ ಮೈ ತಂಪು ಮಾಡಲು ಹೆಣಗುತ್ತದೆ.

ನೀರನ್ನು ಉಳಿಸಿಕೊಳ್ಳುವ ಕೆಲಸ ಹೊರಚರ್ಮದ ತುದಿಯಲ್ಲಿರುವ ಆ ಸತ್ತ ಕೋಶಗಳ ಪದರದ್ದು. ಚಿರೇಕಲ್ಲಿನ ಗೋಡೆಯಂತೆ ಒಂದರ ಮೇಲೊಂದು ಹದಿನೈದು ಇಪ್ಪತ್ತು ಸಾಲು ಕೋಶಗಳು. ಸಂದಿಗಳಲ್ಲಿ ಗಾರೆಯಂತೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳ ಲೇಪ. ಒಳಗಿನ ನೀರು ಆವಿಯಾಗದಂತೆ ತಡೆಯುವುದು ಮುಖ್ಯವಾಗಿ ಆ ಗಾರೆ. ಒಣ ಚಳಿಗಾಳಿ, ಬಿಸಿನೀರು, ಹೆಚ್ಚು ಸಾಬೂನು ಗಾರೆಯನ್ನು ಕೆರೆದು ಹಾಕಿದರೆ ಗೋಡೆ ಬಿರುಕು ಬಿಡುತ್ತದೆ. ಮುರುಗಲ ಬೀಜವನ್ನು ಕುಟ್ಟಿ, ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಉಂಡೆಕಟ್ಟಿ ಇಟ್ಟುಕೊಳ್ಳುವ ಮುರುಗಲ ತುಪ್ಪ ನಮ್ಮ ಕಡೆ ಹಿಮ್ಮಡಿಗೆ ಮದ್ದು. ಉಂಡೆ ಕಲ್ಲಿನಂತೆ ಗಟ್ಟಿಯಾಗಿದ್ದರೂ ಚರ್ಮಕ್ಕೆ ಉಜ್ಜಿದರೆ ಮೈಬಿಸಿಗೆ ಮೆಲ್ಲನೆ ಕರಗಿ ಬಿರುಕಿಗೆ ಇಳಿಯುತ್ತದೆ. ರಾತ್ರಿ ಕಾಲು ತೊಳೆದು, ಒದ್ದೆ ಪೂರ್ತಿ ಆರುವ ಮೊದಲೇ ಹಚ್ಚಬೇಕು ಎಂಬುದು ಆಯಿಯ ಕಟ್ಟುನಿಟ್ಟು. ಒಳಗೆ ಸೇರಿದ ನೀರನ್ನು ಜಿಡ್ಡಿನಿಂದ ಮುಚ್ಚಿಡುವುದು ಎಂದು ಚರ್ಮವೈದ್ಯರು ಈಗ ಹೇಳುವುದೂ ಅದನ್ನೇ.

ಘಟ್ಟದ ಕೆಳಗಿನ ಕಥೆ ಬೆವರಿನದು. ಮನುಷ್ಯನ ಮೈಮೇಲೆ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಮೈಮೇಲಿಂದ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಬೆವರು ಬಂದರೆ ಸಾಲದು, ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಕಾರವಾರದ ಏಪ್ರಿಲ್, ಮೇ ತಿಂಗಳ ಗಾಳಿ ನೀರಾವಿಯಿಂದ ಮೊದಲೇ ತುಂಬಿರುವುದರಿಂದ ಬೆವರು ಆರುವುದಿಲ್ಲ. ಮೈ ಇನ್ನಷ್ಟು ಬೆವರುತ್ತದೆ, ಅದೂ ಆರುವುದಿಲ್ಲ. ಅದೇ ಉಷ್ಣತೆಯ ಒಣ ಊರಿನವರು ಇಲ್ಲಿಗೆ ಬಂದು ಸೋತುಹೋಗುವುದು ಇದಕ್ಕೇ. ನೆನೆದು ಊದಿದ ಮೇಲ್ಪದರ ಬೆವರಿನ ನಾಳಗಳ ಬಾಯಿ ಮುಚ್ಚಿದಾಗ ಬೆವರು ಚರ್ಮದೊಳಗೇ ಸೋರಿ ಬೆವರುಸಾಲೆ ಏಳುತ್ತದೆ. ಅದಕ್ಕೆ ಪೌಡರ್ ಸುರಿಯುವುದಕ್ಕಿಂತ ತೆಳು ಹತ್ತಿ ಬಟ್ಟೆ, ಫ್ಯಾನಿನ ಗಾಳಿ, ತಣ್ಣೀರಿನ ಸ್ನಾನ ಎಷ್ಟೋ ಮೇಲು.

ಮಾವಿನ ಸೊನೆ ತಾಗಿ ತುಟಿಯ ಅಂಚು ಸುಟ್ಟುಕೊಳ್ಳದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇರಲಾರರು. ಅಂಕೋಲೆಯ ಕರಿ ಇಶಾಡಿನ ತೊಟ್ಟು ಮುರಿದು ಸೊನೆ ಇಳಿಸದೆ ಬಾಯಿಗಿಟ್ಟರೆ ಆಯಿತು. ಗೇರುಬೀಜದ ಸಿಪ್ಪೆಯ ಎಣ್ಣೆ ಇದರ ಇನ್ನೂ ಉಗ್ರವಾದ ಬಂಧು. ಮಾವು, ಗೇರು ಎರಡೂ ಒಂದೇ ಕುಟುಂಬದ ಮರಗಳು. ಗೇರೆಣ್ಣೆ ನೇರವಾಗಿ ಸುಡುವುದು ಒಂದಾದರೆ, ತಾಗಿ ಒಂದೆರಡು ದಿನದ ಮೇಲೆ ಗುಳ್ಳೆಯೆದ್ದು ತುರಿಸುವುದು ಇನ್ನೊಂದು. ಎರಡನೆಯದರ ಹಿಂದೆ ಹೊರಚರ್ಮದಲ್ಲಿ ಕೈಚಾಚಿ ಕೂತಿರುವ ಕಾವಲುಗಾರ ಕೋಶಗಳಿವೆ. ಅವನ್ನು ಮೊದಲು ಗುರುತಿಸಿದ್ದು 1868ರಲ್ಲಿ, ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸ್. ಕವಲೊಡೆದ ಆಕಾರ ಕಂಡು ಅವು ನರಕೋಶಗಳೆಂದು ಆತ ಬಗೆದಿದ್ದ. ರೋಗನಿರೋಧಕ ವ್ಯವಸ್ಥೆಗೆ ಸೇರಿದವು ಎಂದು ತಿಳಿಯಲು ಶತಮಾನವೇ ಹಿಡಿಯಿತು. ಪರಕೀಯ ವಸ್ತುವನ್ನು ಹಿಡಿದು ಅವು ಸಮೀಪದ ದುಗ್ಧರಸ ಗ್ರಂಥಿಗೆ, ಅಂದರೆ ಲಿಂಫ್ ನೋಡ್‌ಗೆ, ಒಯ್ದು ತೋರಿಸುತ್ತವೆ. ಅಲ್ಲಿಂದ ಪಡೆ ಹೊರಟು ಬರಲು ದಿನ ಬೇಕು. ನಿನ್ನೆಯ ಗೇರಿಗೆ ಇಂದಿನ ತುರಿಕೆ ಎಂಬುದರ ಅರ್ಥ ಅಷ್ಟೇ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸಮಾಧಾನದಿಂದ ಬರೆಯಲು ಕಷ್ಟವಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳ ಕೆನ್ನೆ ಕೆಂಪೇರಿ, ಸಣ್ಣ ರಕ್ತನಾಳಗಳು ಮೇಲೆದ್ದು, ಬಿಸಿಲಿಗೆ ಮುಖ ಒಡ್ಡಲಾಗದ ಸ್ಥಿತಿಗೆ ಬಂದಿದ್ದಳು. ವಿಚಾರಿಸಿದರೆ, ಬೆಳ್ಳಗಾಗಲೆಂದು ಔಷಧದ ಅಂಗಡಿಯಿಂದ ಯಾರದೋ ಮಾತು ಕೇಳಿ ತಂದ ಮುಲಾಮನ್ನು ಆರು ತಿಂಗಳಿಂದ ಹಚ್ಚುತ್ತಿದ್ದಳು. ಅದರಲ್ಲಿ ಸ್ಟೆರಾಯ್ಡ್ ಇತ್ತು. ವೈದ್ಯರ ಕಣ್ಗಾವಲಿಲ್ಲದೆ ಮುಖಕ್ಕೆ ದಿನವೂ ಹಚ್ಚುವ ಸ್ಟೆರಾಯ್ಡ್ ಚರ್ಮವನ್ನು ತೆಳುವಾಗಿಸಿ ಕೊಲ್ಯಾಜನ್ನನ್ನು ಕರಗಿಸುತ್ತ ಹೋಗುತ್ತದೆ. ಆ ಹುಡುಗಿ ಓಡಿಹೋಗಲು ಬಯಸಿದ್ದು ಯಾವುದರಿಂದ? ಹೊರಚರ್ಮದ ತಳದಲ್ಲಿ ಮೆಲನೊಸೈಟ್ ಎಂಬ ಕೋಶಗಳಿವೆ. ಒಂದೊಂದೂ ತನ್ನ ಉದ್ದನೆಯ ಕವಲುಗಳ ಮೂಲಕ ಸುತ್ತಲಿನ ಸುಮಾರು 36 ಕೋಶಗಳಿಗೆ ಮೆಲನಿನ್ ಎಂಬ ಬಣ್ಣದ ಕಣಗಳನ್ನು ಹಂಚುತ್ತದೆ. ಆ ಕಣಗಳು ಕೋಶದಲ್ಲಿ ಸಿಕ್ಕಲ್ಲಿ ಹರಡಿಕೊಳ್ಳದೆ, ಕೋಶಕೇಂದ್ರದ ಮೇಲೆ, ಬಿಸಿಲು ಬೀಳುವ ಕಡೆಗೆ, ಗದ್ದೆಯವರು ತಲೆಗೆ ಹಾಕುವ ಕಂಬಳಿಕೊಪ್ಪೆಯಂತೆ ಕವಿದು ನಿಲ್ಲುತ್ತವೆ. ಒಳಗಿರುವ ವಂಶವಾಹಿ ತಂತುಗಳನ್ನು ಸೂರ್ಯನ ಅತಿನೇರಳೆ ಕಿರಣ ಮುರಿಯಬಾರದು ಎಂಬುದಕ್ಕಾಗಿ ಈ ಕೊಪ್ಪೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಮೆಲನೊಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ; ವ್ಯತ್ಯಾಸವಿರುವುದು ಕಣಗಳ ಗಾತ್ರ, ಪ್ರಮಾಣ, ಹಂಚಿಕೆಗಳಲ್ಲಿ. ಮರಳೂ ನೀರೂ ಬಿಸಿಲನ್ನು ತಿರುಗಿ ಮೈಮೇಲೆ ಎರಚುವ ಈ ಕರಾವಳಿಯಲ್ಲಿ ಕಪ್ಪು ಚರ್ಮ ಎನ್ನುವುದು ತಲೆಮಾರುಗಳು ಗಳಿಸಿಕೊಟ್ಟ ಆಸ್ತಿ. ಇದನ್ನು ನಾನು ಆ ಹುಡುಗಿಗೆ ಹೇಳಿದೆ. ಅವಳ ಮುಖ ಸರಿಹೋಗಲು ಚರ್ಮವೈದ್ಯರ ಚಿಕಿತ್ಸೆಯಲ್ಲಿ ಒಂದು ವರ್ಷವೇ ಹಿಡಿಯಿತು.

ಸ್ಪರ್ಶದ ಪಾಠಕ್ಕೆ ನನ್ನ ಬಳಿ ಇರುವ ಉಪಕರಣ ಒಂದು ಕೈವಾರ ಮಾತ್ರ. ಕಣ್ಣು ಮುಚ್ಚಿಸಿ, ಎರಡು ಮೊನೆಗಳನ್ನು ಹತ್ತಿರ ಹತ್ತಿರ ತಾಗಿಸಿ, ಒಂದೋ ಎರಡೋ ಎಂದು ಕೇಳುತ್ತೇನೆ. ಬೆರಳ ತುದಿ 2-3 ಮಿಲಿಮೀಟರ್ ಅಂತರವನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಬೆನ್ನಿಗೆ ಅದೇ ತಿಳಿಯಲು ಸುಮಾರು 40 ಮಿಲಿಮೀಟರ್ ಬೇಕು. ನವಿರಾದ ತಾಗು, ಒತ್ತು, ಎಳೆತ, ಅದುರು ಒಂದೊಂದಕ್ಕೂ ಚರ್ಮದಲ್ಲಿ ಬೇರೆಬೇರೆ ಗ್ರಾಹಕಗಳಿವೆ. ಮೀನುಸಾರಿಗೆ ಮೆಣಸು ಅರೆದ ಕೈ ಉರಿಯುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಮೆಣಸಿನ ಕ್ಯಾಪ್ಸೈಸಿನ್ ತಾಗುವುದೂ ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗುವುದೂ ನರತುದಿಯ ಒಂದೇ ಬಾಗಿಲನ್ನು ತೆರೆಯುತ್ತವೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್, ಒತ್ತಡವನ್ನು ಅರಿಯುವ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಮಿದುಳಿಗೆ ಮೆಣಸು ಬೆಂಕಿಯೇ.

ನಿಜವಾದ ಬೆಂಕಿ ನಮ್ಮ ಮನೆಗೂ ಬಂತು. ಅದೊಂದು ಫೆಬ್ರವರಿ, ಊರಿನ ಆಲೆಮನೆಯಲ್ಲಿ ರಾತ್ರಿ ಜೋನಿಬೆಲ್ಲದ ಕೊಪ್ಪರಿಗೆ ಇಳಿಸುವಾಗ ತಮ್ಮನ ಕಾಲು ಜಾರಿತು. ಕುದಿಯುವ ಪಾಕ ಅವನ ಎಡ ಮುಂಗೈ ಮೇಲೆ ಬಿತ್ತು. ನೀರಾದರೆ ಹರಿದುಹೋಗುತ್ತದೆ, ಪಾಕ ನೀರಿಗಿಂತ ಹೆಚ್ಚು ಬಿಸಿಯಾಗಿದ್ದು ಚರ್ಮಕ್ಕೆ ಅಂಟಿ ಕೂತು ಸುಡುತ್ತಲೇ ಇರುತ್ತದೆ. ಯಾರೋ ಟೂತ್‌ಪೇಸ್ಟ್ ಹಚ್ಚಿದರು, ಇನ್ಯಾರೋ ಹಿಟ್ಟು ಮೆತ್ತಿದರು. ಗುಡ್ಡದಿಂದ ದಿನವಿಡೀ ಹರಿಯುವ ಅಬ್ಬಿ ನೀರು ಹತ್ತೇ ಮಾರು ದೂರದಲ್ಲಿತ್ತು. ಸುಟ್ಟ ಕೂಡಲೇ ಕೈಯನ್ನು ಅದರ ಕೆಳಗೆ 20 ನಿಮಿಷ ಹಿಡಿದಿದ್ದರೆ ಒಳಕ್ಕಿಳಿಯುತ್ತಿದ್ದ ಶಾಖದ ಬಹುಪಾಲು ಅಲ್ಲೇ ನಿಲ್ಲುತ್ತಿತ್ತು. ಕಾರವಾರದಿಂದ ನಾನು ತಲುಪುವಷ್ಟರಲ್ಲಿ ಬೆಳಗಾಗಿತ್ತು. ಗಾಯದ ಅಂಚು ಕೆಂಪಾಗಿ ಗುಳ್ಳೆಯೆದ್ದಿತ್ತು. ನಡುಭಾಗ ಬೆಳ್ಳಗೆ, ಒಣ ತೊಗಲಿನಂತೆ ಬಿಗಿದಿತ್ತು. “ನಡುವೆ ನೋವೇ ಇಲ್ಲೆ” ಎಂದ ತಮ್ಮ. ಮನೆಯವರಿಗೆ ಸಮಾಧಾನವಾಯಿತು. ನನಗೆ ಎದೆ ಧಸಕ್ಕೆಂದಿತು. ಅಲ್ಲಿ ನೋವನ್ನು ಹೇಳುವ ನರಗಳೇ ಸುಟ್ಟುಹೋಗಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆಯೇನೋ ಇದೆ, ಆದರೆ ಸುಟ್ಟ ಗಾಯದ ಆಳ ಕಣ್ಣಿಗೆ ಕಾಣುವುದಿಲ್ಲ.

ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಯ ಇಲ್ಲವೇ ಮಣಿಪಾಲದ ದಾರಿ ಹಿಡಿಯುವುದು ಹೊಸದೇನಲ್ಲ. ನಾವೂ ಹಿಡಿದೆವು. ಗಾಯದ ಅಂಚು ಎರಡು ವಾರದಲ್ಲಿ ತಾನೇ ಮಾಯುತ್ತದೆ, ನಡುಭಾಗ ಮಾಯುವುದಿಲ್ಲ, ಚರ್ಮದ ಕಸಿ ಮಾಡಬೇಕು ಎಂದರು ವೈದ್ಯರು. ಹೊರಚರ್ಮದ ಕೋಶಗಳು ಮೇಲ್ಮೈಯಲ್ಲಿ ಮಾತ್ರ ಇರುವುದಿಲ್ಲ. ಕೂದಲ ಬುಡದ ಚೀಲಗಳಲ್ಲೂ ಬೆವರಿನ ನಾಳಗಳಲ್ಲೂ ಒಳಚರ್ಮದ ಆಳದವರೆಗೆ ಇಳಿದಿರುತ್ತವೆ. ಒಳಚರ್ಮದ ಸ್ವಲ್ಪ ಭಾಗ ಉಳಿದಿದ್ದರೂ ಈ ಬುಡಗಳಿಂದ ಹೊಸ ಹೊರಚರ್ಮ ಹೊರಟು ಗಾಯವನ್ನು ಮುಚ್ಚುತ್ತದೆ, ಬೇರು ಉಳಿದ ಹುಲ್ಲು ಮಳೆಗೆ ಚಿಗುರುವ ಹಾಗೆ. ಬುಡವೇ ಸುಟ್ಟಲ್ಲಿ ಚಿಗುರುವುದಕ್ಕೆ ಏನೂ ಇರುವುದಿಲ್ಲ.

ತೊಡೆಯಿಂದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳುವಾದ ಪೊರೆಯೊಂದನ್ನು ಹೆರೆದು ತೆಗೆದು ಮುಂಗೈಗೆ ಕೂರಿಸಿದರು. ಮಾವಿಗೆ ಕಸಿ ಕಟ್ಟುವುದನ್ನು ನೋಡಿ ಬೆಳೆದ ನಮಗೆ ಆ ಪದ ಹೊಸದಾಗಿರಲಿಲ್ಲ. ಕೆಲಸವೂ ಬಹಳ ಬೇರೆಯದಲ್ಲ ಎಂಬುದು ವೈದ್ಯರು ವಿವರಿಸಿದಾಗ ತಿಳಿಯಿತು. ಮೊದಲ ಎರಡು ದಿನ ಆ ಪೊರೆಗೆ ರಕ್ತವೇ ಇರುವುದಿಲ್ಲ. ಕೆಳಗಿನ ಗಾಯದಿಂದ ಜಿನುಗುವ ದ್ರವವನ್ನು ಹೀರಿಕೊಂಡು ಜೀವ ಹಿಡಿದಿರುತ್ತದೆ. ಆಮೇಲೆ ಗಾಯದ ರಕ್ತನಾಳಗಳು ಪೊರೆಯ ನಾಳಗಳನ್ನು ಹುಡುಕಿ ಕೂಡಿಕೊಳ್ಳುತ್ತವೆ. ಅಷ್ಟರವರೆಗೆ ಅದು ಒಂದಿಷ್ಟೂ ಜರುಗಬಾರದು, ಕೆಳಗೆ ರಕ್ತ ಹೆಪ್ಪುಗಟ್ಟಬಾರದು, ಕೀವು ಆಗಬಾರದು. ಐದನೆಯ ದಿನ ಕಟ್ಟು ಬಿಚ್ಚಿದಾಗ ಪೊರೆ ಎಳೆ ಗುಲಾಬಿ ಬಣ್ಣಕ್ಕೆ ಬಂದಿತ್ತು. ಬೆರಳಿನಿಂದ ಮೆಲ್ಲನೆ ಒತ್ತಿದರೆ ಬಿಳುಪಾಗಿ, ಬಿಟ್ಟರೆ ಮತ್ತೆ ಗುಲಾಬಿಯಾಗುತ್ತಿತ್ತು. ಅದು ರಕ್ತ ಹರಿಯುತ್ತಿರುವುದರ ಗುರುತು. ಅಷ್ಟು ದಿನ ಮಾತೇ ಆಡದಿದ್ದ ಆಯಿ ಅಂದು ವಾರ್ಡಿನ ಹೊರಗೆ ಬಂದು ಕೂತು ಅತ್ತಳು. ತಮ್ಮನಿಗೆ ಕೈಗಿಂತ ಹೆಚ್ಚು ನೋವು ಇದ್ದದ್ದು ತೊಡೆಯಲ್ಲಿ. ಅಲ್ಲಿ ಹೆರೆದ ಜಾಗದಲ್ಲಿ ನರತುದಿಗಳು ಜೀವಂತವಾಗಿ ಗಾಳಿಗೆ ತೆರೆದುಕೊಂಡಿದ್ದವು. ಆದರೆ ಕೂದಲ ಬುಡಗಳು ಅಲ್ಲಿ ಉಳಿದಿದ್ದರಿಂದ ಎರಡು ವಾರದಲ್ಲಿ ತೊಡೆ ತಾನಾಗಿಯೇ ಮುಚ್ಚಿಕೊಂಡಿತು. ಆಯಿಯ “ತಾನಾಗೇ” ಎಂಬ ಮಾತು ನನಗೆ ಅಲ್ಲಿ ಮತ್ತೆ ನೆನಪಾಯಿತು.

ಕಸಿಯ ಚರ್ಮ ಕುಗ್ಗುತ್ತದೆ. ಅದು ಮಣಿಕಟ್ಟನ್ನು ಸೆಳೆದು ಹಿಡಿಯದಂತೆ ತಿಂಗಳುಗಟ್ಟಲೆ ಬಿಗಿ ಕೈಗವಸು ತೊಡಬೇಕು, ದಿನಕ್ಕೆ ಮೂರು ನಾಲ್ಕು ಸಲ ಜಿಡ್ಡು ಹಚ್ಚಿ ನೀವಬೇಕು. ತೆಳು ಪೊರೆಯೊಡನೆ ಬೆವರಿನ ಗ್ರಂಥಿಗಳಾಗಲಿ ಎಣ್ಣೆಯ ಗ್ರಂಥಿಗಳಾಗಲಿ ಬಂದಿಲ್ಲವಾದ್ದರಿಂದ ಅದು ತನ್ನನ್ನು ತಾನು ಮೆದುವಾಗಿಟ್ಟುಕೊಳ್ಳಲಾರದು. ಸ್ಪರ್ಶವೂ ಒಮ್ಮೆಗೇ ಬರುವುದಿಲ್ಲ. ಸುತ್ತಲಿನ ಒಳ್ಳೆಯ ಚರ್ಮದಿಂದಲೂ ಕೆಳಗಿನಿಂದಲೂ ನರತುದಿಗಳು ತಿಂಗಳುಗಟ್ಟಲೆ ಬೆಳೆದು ಒಳಗೆ ಸಾಗಬೇಕು, ಬಂದರೂ ಪೂರ್ತಿ ಬರುವುದು ಅಪರೂಪ.

ಮರುವರ್ಷದ ಮೇ ತಿಂಗಳಲ್ಲಿ ತಮ್ಮ ಕಾರವಾರಕ್ಕೆ ಬಂದಿದ್ದ. ಆಯಿ ಬಾಳೆಎಲೆಯಲ್ಲಿ ಸುತ್ತಿ ಮುರುಗಲ ತುಪ್ಪದ ಉಂಡೆ ಕಳಿಸಿದ್ದಳು. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಅವನ ಮೈಯೆಲ್ಲ ನೀರಾಯಿತು. ಎಡಗೈಯ ಉದ್ದಕ್ಕೂ ಬೆವರಿನ ಹನಿಗಳು ಸಾಲುಗಟ್ಟಿ ನಿಂತಿದ್ದವು. ಅಂಗೈಯಗಲದ ಆ ಒಂದು ತುಂಡು ಮಾತ್ರ, ಮಳೆ ಬಿದ್ದ ಅಂಗಳದಲ್ಲಿ ಚಾಪೆ ಎತ್ತಿದ ಜಾಗದಂತೆ, ಒಣಗಿತ್ತು. ಉಂಡೆಯನ್ನು ಹೆಬ್ಬೆರಳಿಗೆ ಸವರಿಕೊಂಡು ನಾನು ಹಚ್ಚತೊಡಗಿದೆ. ಎಲ್ಲಿ ಗೊತ್ತಾಗುವುದು ನಿಲ್ಲುತ್ತದೋ ಹೇಳು ಎಂದೆ. ದೀಪಾವಳಿಗೆ ಊರಿಗೆ ಹೋಗಿದ್ದಾಗಲೂ ಹೀಗೆಯೇ ಕೇಳಿದ್ದೆ. ಆಗ ಬೆರಳು ಕಸಿಯ ಅಂಚು ಮುಟ್ಟಿದ ಕೂಡಲೇ ನಿಲ್ಲಿಸಿದ್ದ. ಈ ಸಲ ಅವನು ಕಣ್ಣು ಮುಚ್ಚಿ ಕೂತ. ಬೆರಳು ಅಂಚನ್ನು ದಾಟಿತು, ಅವನು ಏನೂ ಹೇಳಲಿಲ್ಲ. ಇನ್ನೂ ಒಂದಂಗುಲ ಒಳಗೆ ಬಂತು.

“ಗೊತ್ತಾಗ್ತಾ ಇದ್ದು” ಎಂದ.